ಮಡಿಕೇರಿಯ ಮಳೆಯಲ್ಲಿ ಐದು ಪ್ರೇಮಕಥೆ: ಜಾಗ ಹಿಡಿದು ಶೂಟಿಂಗ್ ಮಾಡಿದ ಲೆಕ್ಕ

ಆರು ಕಥೆ, ಆರು ಡೈರೆಕ್ಟರು, ಒಂದೇ ಊರು, ಅದೂ ಜುಲೈ ತಿಂಗಳು. ಬೆಂಗಳೂರಿನಲ್ಲಿ ಯಾರ ಮುಂದೆ ಇಟ್ಟರೂ ಬಂದ ಮಾತು ಎರಡೇ. ಆಂಥಾಲಜಿಗೆ, ಅಂದರೆ ಬಿಡಿ ಬಿಡಿ ಕಥೆ ಸೇರಿಸಿದ ಚಿತ್ರಕ್ಕೆ, ಥಿಯೇಟರ್ ಸಿಗಲ್ಲ. ಮಳೆಗಾಲದ ಮಡಿಕೇರಿಯಲ್ಲಿ ಕ್ಯಾಮೆರಾ ಬ್ಯಾಗಿನಿಂದ ಹೊರಗೆ ಬರಲ್ಲ. ಮೊದಲನೆಯದು ಮುಕ್ಕಾಲು ನಿಜ. ಎರಡನೆಯದು ಸುಳ್ಳು ಅಂತ ಈಗ ಧೈರ್ಯವಾಗಿ ಹೇಳಬಹುದು. ಚಿತ್ರ ಮುಗಿದಿದೆ, ಆರರಲ್ಲಿ ಐದು ಕಥೆ ಉಳಿದು 95 ನಿಮಿಷ ಇದೆ, ಹಾಕಿದ ದುಡ್ಡಿನಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಕೈಗೆ ಬಂದಿದೆ. ಕ್ಯಾಮೆರಾ, ಎಡಿಟಿಂಗ್ ಗೊತ್ತಿರುವವರಿಗೆ ಬರೆಯುತ್ತಿರುವುದರಿಂದ ಪಾಠ ಬಿಟ್ಟು ನೇರ ಕೆಲಸಕ್ಕೆ ಬರುತ್ತೇನೆ.

ಸಾಮಾನ್ಯವಾಗಿ ಮಾಡುವ ರೀತಿ ಎಲ್ಲರಿಗೂ ಗೊತ್ತು. ಒಬ್ಬೊಬ್ಬ ಡೈರೆಕ್ಟರಿಗೆ ಒಂದೊಂದು ಮೊತ್ತ ಕೊಟ್ಟು, ನಿನ್ನ ಕಥೆ ನೀನು ತೆಗೆದುಕೊಂಡು ಬಾ ಅನ್ನುವುದು. ಟ್ರಯಲ್‌ಗೆ ಎರಡು ಕಥೆಯನ್ನು ಹಾಗೆ ಮಾಡಿಸಿ ನೋಡಿದೆವು. ಬಂದದ್ದು ಹೀಗೆ: ಒಂದು ಸೆಕೆಂಡಿಗೆ 24 ಫ್ರೇಮಿನಲ್ಲಿ, ಇನ್ನೊಂದು 30ರಲ್ಲಿ. ಒಂದರ ಆಡಿಯೊ 48 ಕಿಲೋಹರ್ಟ್ಸ್, ಇನ್ನೊಂದು 44.1. ಒಬ್ಬರ ಮಂಜು ನೀಲಿ, ಇನ್ನೊಬ್ಬರ ಮಂಜು ಹಸಿರು. ಟೈಮ್‌ಲೈನಿನಲ್ಲಿ ಪಕ್ಕಪಕ್ಕ ಇಟ್ಟರೆ ಮಡಿಕೇರಿ ದಸರಾದ ದಶಮಂಟಪ ನೋಡಿದ ಹಾಗೆ: ಪ್ರತಿ ಮಂಟಪಕ್ಕೂ ತನ್ನದೇ ಟ್ರ್ಯಾಕ್ಟರ್, ತನ್ನದೇ ಲೈಟು, ತನ್ನದೇ ಸೌಂಡು. ಮೆರವಣಿಗೆಗೆ ಅದು ಚೆಂದ, ಒಂದೂವರೆ ಗಂಟೆಯ ಚಿತ್ರಕ್ಕೆ ಅಲ್ಲ. ಬಣ್ಣ ಸರಿಮಾಡಲು ಕೂತವರು ಕೇಳಿದ ದರದಲ್ಲಿ ಇನ್ನೊಂದು ಕಥೆಯನ್ನೇ ತೆಗೆಯಬಹುದಿತ್ತು. ಆ ಟ್ರಯಲ್‌ಗೆ ಲಕ್ಷದ ಆಸುಪಾಸು ಹೋಯಿತು. ಅದರಲ್ಲಿ ಒಂದು ಶಾಟೂ ಕೊನೆಯ ಚಿತ್ರದಲ್ಲಿ ಇಲ್ಲ.

ಆಮೇಲೆ ಹಿಡಿದ ದಾರಿ ಕಥೆ ಹಿಡಿದು ಶೂಟ್ ಮಾಡುವುದನ್ನು ಬಿಟ್ಟು ಜಾಗ ಹಿಡಿದು ಮಾಡುವುದು. ಆರೂ ಕಥೆಗೆ ಒಬ್ಬರೇ ಕ್ಯಾಮೆರಾಮನ್, ಒಬ್ಬರೇ ಸೌಂಡಿನವರು, ಒಂದೇ ಕ್ಯಾಮೆರಾ ಬಾಡಿ, ಎರಡೇ ಲೆನ್ಸ್: 35 ಮತ್ತು 50 ಎಂಎಂ. ಮೂರನೆಯ ಲೆನ್ಸ್ ಕೇಳಿದ ಡೈರೆಕ್ಟರಿಗೆ ಇಲ್ಲ ಅನ್ನಲು ಒಂದು ಕಾಗದದ ಮೇಲೆ ಮೊದಲೇ ಎಲ್ಲರ ಸಹಿ ಇತ್ತು. ದೊಡ್ಡ ಹಾಳೆಯಲ್ಲಿ ಚಾರ್ಟ್ ಹಾಕಿದೆವು. ಅಡ್ಡಸಾಲಿನಲ್ಲಿ ಜಾಗ: ಖಾಸಗಿ ಬಸ್ ನಿಲ್ದಾಣ, ಮಾರುಕಟ್ಟೆ, ಮಹದೇವಪೇಟೆಯ ಒಂದು ಹೆಂಚಿನ ಮನೆ, ರಾಜಾಸೀಟ್, ಓಂಕಾರೇಶ್ವರ ದೇವಸ್ಥಾನದ ಕೆರೆಯ ಸುತ್ತ, ಮೇಕೇರಿ ಕಡೆಯ ಒಂದು ತೋಟದ ಲೈನ್ ಮನೆ (ಕೆಲಸದವರ ಸಾಲುಮನೆ), ಒಂದು ಹೋಂಸ್ಟೇ. ಕಂಬಸಾಲಿನಲ್ಲಿ ಕಥೆ. ಬಸ್ ನಿಲ್ದಾಣ ನಾಲ್ಕು ಕಥೆಯಲ್ಲಿ ಬರುತ್ತದೆ ಅಂದರೆ ಆ ನಾಲ್ಕರ ನಿಲ್ದಾಣದ ದೃಶ್ಯಗಳೆಲ್ಲ ಒಂದೇ ಸಲ ಮುಗಿಯಬೇಕು. ಬೆಳಿಗ್ಗೆ ಒಬ್ಬ ಡೈರೆಕ್ಟರ್, ಮಧ್ಯಾಹ್ನ ಇನ್ನೊಬ್ಬರು. ಕೆಲಸ ಇಲ್ಲದ ಡೈರೆಕ್ಟರ್ ಆ ದಿನ ಕ್ಲಾಪ್ ಹಿಡಿಯಬೇಕು. ಇದರಿಂದ ಬಾಡಿಗೆ ಒಂದೇ ಸಲ, ಅನುಮತಿ ಒಂದೇ ಸಲ. ಅದಕ್ಕಿಂತ ದೊಡ್ಡ ಲಾಭ, ಒಂದು ಕಥೆಯ ನಾಯಕಿ ಇನ್ನೊಂದು ಕಥೆಯ ಹಿನ್ನೆಲೆಯಲ್ಲಿ ಬಸ್ಸಿಗೆ ಕಾಯುತ್ತಾ ಪುಕ್ಕಟೆಯಾಗಿ ಸಿಗುತ್ತಾಳೆ.

ಈ ಪದ್ಧತಿಗೆ ಮಳೆಗಾಲವೇ ಯಾಕೆ ಬೇಕು ಅನ್ನುವುದನ್ನು ಯಾರೂ ನಂಬಲಿಲ್ಲ. ಡಿಸೆಂಬರ್ ಬಿಸಿಲಿನಲ್ಲಿ ಗುಡ್ಡದ ನೆರಳು ನೋಡನೋಡುತ್ತಾ ಜರುಗುತ್ತದೆ, ಒಂದೇ ಜಾಗದಲ್ಲಿ ನಾಲ್ಕು ಕಥೆ ತೆಗೆಯುವಾಗ ಬೆಳಗ್ಗಿನದೂ ಸಂಜೆಯದೂ ಸೇರಲ್ಲ. ಜುಲೈಯಲ್ಲಿ ಒಂಬತ್ತರಿಂದ ನಾಲ್ಕೂವರೆವರೆಗೆ ಆಕಾಶವೇ ದೊಡ್ಡ ಸಾಫ್ಟ್‌ಬಾಕ್ಸ್, ಬೆಳಕನ್ನು ಮೆತ್ತಗೆ ಹರಡುವ ಪೆಟ್ಟಿಗೆ. ಬೆಳಕು ಕಮ್ಮಿ, ನಿಜ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಬೇಕು, ಈಗಿನ ಫುಲ್ ಫ್ರೇಮ್ ಬಾಡಿಗಳಿಗೆ ಅದು ಭಾರವಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಊರಿನ ಮಳೆ ಆರು ಕಥೆಗೂ ಒಂದೇ ಬಣ್ಣ ಹಚ್ಚಿಬಿಡುತ್ತದೆ. ಪ್ರವಾಸಿಗಳು ಕಮ್ಮಿ, ರೂಮಿನ ಬಾಡಿಗೆ ಏಪ್ರಿಲ್-ಮೇಗಿಂತ ಅರ್ಧಕ್ಕೂ ಕೆಳಗೆ. ಶನಿವಾರ, ಭಾನುವಾರ ಮಾತ್ರ ಆಗಲೂ ರಾಜಾಸೀಟ್ ಕಡೆ ಹೋಗಬೇಡಿ. ಅಲ್ಲಿಗೆ ತೋಟಗಾರಿಕೆ ಇಲಾಖೆಯ ಅನುಮತಿ ಬೇಕು, ಸೋಮವಾರದ ಬೆಳಗ್ಗೆಗೆ ಕೇಳಿ.

ಮಳೆಗೆ ನಾವು ನಂಬರ್ ಕೊಟ್ಟೆವು. ಸೊನ್ನೆ ಅಂದರೆ ಮಳೆ ಬಿಟ್ಟು ಮರದ ಹನಿ ತೊಟ್ಟಿಕ್ಕುವುದು. ಒಂದು ಅಂದರೆ ಜಿನುಗು. ಎರಡು, ಛತ್ರಿ ಬಿಚ್ಚಲೇಬೇಕಾದ ಮಳೆ. ಮೂರು, ಪಕ್ಕದವರ ಮಾತೂ ಕೇಳದ ಹೊಯ್ಲು. ಸ್ಕ್ರಿಪ್ಟಿನ ಪ್ರತಿ ದೃಶ್ಯದ ತಲೆಯ ಮೇಲೆ ಎರಡು ನಂಬರ್ ಬರೆದಿರಬೇಕು, ಸೊನ್ನೆ-ಒಂದು, ಒಂದು-ಎರಡು ಹೀಗೆ. ಒಂದೇ ನಂಬರ್ ಬರೆದ ದೃಶ್ಯ ಶೆಡ್ಯೂಲ್ ಕೊಲ್ಲುತ್ತದೆ. ಮೂರರ ದೃಶ್ಯಕ್ಕೆ ಸಂಭಾಷಣೆ ಇಲ್ಲವೇ ಇಲ್ಲ. ಪ್ರೇಮಕಥೆಗೆ ಅದು ನಷ್ಟವೇನಲ್ಲ. ಬೆಳಿಗ್ಗೆ ಎದ್ದು ಆಕಾಶ ನೋಡಿ, ಆ ಜಾಗದ ಚಾರ್ಟಿನಿಂದ ಆ ನಂಬರಿನ ದೃಶ್ಯ ಎತ್ತಿಕೊಳ್ಳುವುದು. ಆರು ಕಥೆಯ ದೃಶ್ಯಗಳು ಒಂದೇ ಜಾಗದಲ್ಲಿ ರಾಶಿ ಬಿದ್ದಿರುವುದರಿಂದ ಯಾವ ಮಳೆಗೂ ಏನಾದರೂ ಕೆಲಸ ಇದ್ದೇ ಇರುತ್ತದೆ. ಪೂರ್ತಿ ಕೆಲಸ ನಿಂತ ದಿನ ಇಡೀ ಶೆಡ್ಯೂಲಿನಲ್ಲಿ ಎರಡೋ ಮೂರೋ, ಅದೂ ಮರ ಬಿದ್ದು ರಸ್ತೆ ಮುಚ್ಚಿದ್ದಕ್ಕೆ. ನಟರ ಕಾಲ್‌ಶೀಟ್ ಮಾತ್ರ ಇದಕ್ಕೆ ಹೊಂದಬೇಕು. ಸ್ಟಾರ್ ಇದ್ದರೆ ಈ ಪದ್ಧತಿ ನಡೆಯಲ್ಲ. ಊರಿನವರೇ, ರಂಗಭೂಮಿಯವರೇ ಆದರೆ ನಡೆಯುತ್ತದೆ.

ಮಂಜಿನಲ್ಲಿ ಕೆಡುವ ಸಂಗತಿಗಳು. ಆಟೋಫೋಕಸ್ ಹಿಂದೆ ಮುಂದೆ ಬೇಟೆಯಾಡುತ್ತದೆ, ಆಫ್ ಮಾಡಿ. ಮಂಜು ಹತ್ತು ನಿಮಿಷದಲ್ಲಿ ಬಂದು ಹೋಗುವುದರಿಂದ ವೈಡ್ ಶಾಟ್ ಮೊದಲು, ಕ್ಲೋಸಪ್ ಆಮೇಲೆ. ಕ್ಲೋಸಪ್ಪಿಗೆ ಹಿಂದೆ ಗೋಡೆಯೋ ಬಾಗಿಲೋ ಇದ್ದರೆ ಮಂಜು ಹೋದರೂ ಗೊತ್ತಾಗಲ್ಲ. ಮಳೆಹನಿ ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು. ಮುಂದಿನಿಂದ ಎಷ್ಟು ಲೈಟ್ ಹಾಕಿದರೂ ಎರಡನೇ ನಂಬರಿನ ಮಳೆಯೂ ಪರದೆಯ ಮೇಲೆ ಮಾಯ. ಅಂಗಡಿ, ಬಸ್ ನಿಲ್ದಾಣದ ಟ್ಯೂಬ್‌ಲೈಟ್ ಮಿನುಗದಿರಲು ಶಟರ್ 1/50 ಸೆಕೆಂಡಿನಲ್ಲೇ ಇರಲಿ. ನಮ್ಮ ಕರೆಂಟ್ 50 ಹರ್ಟ್ಸ್, 1/60 ಹಾಕಿದರೆ ಪಟ್ಟೆ ಪಟ್ಟೆ. ತಣ್ಣಗಿನ ಹೊರಗಿನಿಂದ ಜನ ತುಂಬಿದ ಬೆಚ್ಚನೆಯ ಜೀಪಿಗೆ ಲೆನ್ಸ್ ತಂದರೆ ಗಾಜಿನ ಮೇಲೆ ಆವಿ ಕಟ್ಟುತ್ತದೆ. ಬ್ಯಾಗಿನೊಳಗೇ ಅರ್ಧ ಗಂಟೆ ಬಿಡಿ, ಒರೆಸಬೇಡಿ. ರಾತ್ರಿ ಇಡಲು ಮರದ ಪೆಟ್ಟಿಗೆಯಲ್ಲಿ 15 ವ್ಯಾಟಿನ ಹಳೇ ಬಲ್ಬ್ ಉರಿಸಿಟ್ಟೆವು. ಬಾಡಿಗೆ ಲೆನ್ಸಿಗೆ ಫಂಗಸ್ ಹಿಡಿದರೆ ಡೆಪಾಸಿಟ್ ಮರೆತುಬಿಡಬೇಕಾಗುತ್ತದೆ.

ದುಡ್ಡು. ನೆನಪಿನಿಂದ ಬರೆಯುತ್ತಿದ್ದೇನೆ, ಸಾವಿರಗಳು ಆಚೀಚೆ ಆಗಬಹುದು. ಟ್ರಯಲ್ ಬಿಟ್ಟು ಒಟ್ಟು ಹದಿನಾಲ್ಕು ಲಕ್ಷದ ಒಳಗೆ. ಕ್ಯಾಮೆರಾ, ಲೆನ್ಸ್, ಲೈಟು ಸೇರಿ ಮೂರೂಕಾಲು. ಸೌಂಡು, ಜಾಗದ್ದೂ ಕೊನೆಯ ಮಿಕ್ಸಿಂಗೂ ಸೇರಿ ಎರಡೂಮುಕ್ಕಾಲು. ಇದರಲ್ಲಿ ಉಳಿಸಲು ಹೋಗಬೇಡಿ. ಊಟ, ವಸತಿಗೂ ಎರಡೂಮುಕ್ಕಾಲು. ನಟರು ಮತ್ತು ಹುಡುಗರ ಬ್ಯಾಟಾ ಎರಡು. ಗಾಡಿ ಒಂದೂಕಾಲು, ಎಡಿಟಿಂಗ್ ಮತ್ತು ಕಲರ್ ಒಂದು, ಉಳಿದದ್ದು ಸೆನ್ಸಾರ್, ಅನುಮತಿ, ಚಿಲ್ಲರೆ. ಮಳೆಯಲ್ಲಿ ನೆನೆದವರಿಗೆ ಬಿಸಿ ಊಟ ಹೊತ್ತಿಗೆ ಸರಿಯಾಗಿ ಬರದಿದ್ದರೆ ಮಧ್ಯಾಹ್ನದ ಮೇಲೆ ಕೆಲಸ ನಡೆಯಲ್ಲ. ಬೆಳಿಗ್ಗೆ ಅಕ್ಕಿರೊಟ್ಟಿ, ಹತ್ತು ಗಂಟೆಗೆ ಕರಿಕಾಫಿ ಅಂತ ಬಜೆಟ್ಟಿನಲ್ಲೇ ಬರೆದಿದ್ದೆವು.

ಡೈರೆಕ್ಟರುಗಳಿಗೆ ಸಂಬಳ ಇಲ್ಲ, ಪಾಲು. ಪಾಲು ನಿಮಿಷದ ಲೆಕ್ಕದಲ್ಲಿ ಕೊಟ್ಟರೆ ಎಲ್ಲರೂ ಕಥೆ ಎಳೆಯುತ್ತಾರೆ. ಸಮಪಾಲು, ಮತ್ತು ಕಥೆ ಕೈಬಿಟ್ಟುಹೋದರೂ ಅದೇ ಪಾಲು, ಛಾಪಾ ಕಾಗದದ ಮೇಲೆ. ಈ ಕೊನೆಯ ಸಾಲು ಬಹಳ ಮುಖ್ಯ, ಯಾಕೆಂದರೆ ಬೇಕಾದ್ದಕ್ಕಿಂತ ಒಂದು ಕಥೆ ಹೆಚ್ಚು ತೆಗೆಯಲೇಬೇಕು. ಈ ಜಾತಿಯ ಚಿತ್ರಗಳಲ್ಲಿ ಎಲ್ಲರೂ ಹೆಸರೆತ್ತುವ 2006ರ 'ಪ್ಯಾರಿಸ್, ಜು ತೇಮ್' ಪ್ಯಾರಿಸ್ಸಿನ 20 ಆಡಳಿತ ವಿಭಾಗಕ್ಕೆ ಒಂದೊಂದು ಕಥೆ ಅಂತ ಹೊರಟಿದ್ದು, ಕೊನೆಗೆ ಉಳಿದದ್ದು 18. ಎರಡು ಒಟ್ಟಿನ ಓಟಕ್ಕೆ ಕೂರಲಿಲ್ಲ. ಅಷ್ಟು ದುಡ್ಡಿದ್ದವರಿಗೇ ಹಾಗಾದರೆ ನಾವು ಸರಿಯಾಗಿ ಐದು ತೆಗೆದು ಐದೂ ಕೂರಬೇಕು ಅನ್ನುವುದು ದುರಾಸೆ. ನಮ್ಮ ಆರನೆಯದು ಬಿಡಿಯಾಗಿ ನೋಡಿದರೆ ಎಲ್ಲಕ್ಕಿಂತ ಚೆನ್ನಾಗಿತ್ತು. ಸಾವಿನ ಮನೆಯ ಕಥೆ. ಅದರ ನಂತರ ಯಾವ ಕಥೆ ಇಟ್ಟರೂ ನೋಡುವವರು ಏಳುವ ಸ್ಥಿತಿಯಲ್ಲಿ ಇರಲಿಲ್ಲ.

ಕೂರಿಸುವ ಕ್ರಮಕ್ಕೆ ಬಂದರೆ, ನಮ್ಮಲ್ಲಿ ಪುಟ್ಟಣ್ಣ ಕಣಗಾಲ್ 1976ರಲ್ಲೇ 'ಕಥಾಸಂಗಮ'ದಲ್ಲಿ ಮೂವರು ಬೇರೆ ಬೇರೆ ಲೇಖಕರ ಮೂರು ಕಥೆ ತೆಗೆದರು. ಅಲ್ಲಿ ಡೈರೆಕ್ಟರ್ ಒಬ್ಬರೇ, ಹಾಗಾಗಿ ಕೈ ಒಂದೇ. ಬೇರೆ ಬೇರೆ ಕೈಗಳಿದ್ದಾಗ ಆ ಕೆಲಸವನ್ನು ಕ್ರಮ ಮಾಡಬೇಕು. ಬೆಳಗಿನ ಕಥೆಯಿಂದ ರಾತ್ರಿಯ ಕಥೆಗೆ ಗಂಟೆ ಹಿಡಿದು ಜೋಡಿಸಿದೆವು. ಉದ್ದ ಸಮ ಮಾಡಲಿಲ್ಲ: 22 ನಿಮಿಷ, 13, 19, 8, ಕೊನೆಯದು 27. ಕಥೆಯಿಂದ ಕಥೆಗೆ ಜೋಡಿಸುವ ಕೊಂಡಿಗಳಿಗೆ ಆರು ನಿಮಿಷ. ಎಂಟು ನಿಮಿಷದ್ದು ಉದ್ದ ಕಥೆಗಿಂತ ಮೊದಲೇ ಬರಬೇಕು, ಉಸಿರು ಸಿಗುತ್ತದೆ. ಎಲ್ಲ ಆಂಥಾಲಜಿಯ ರೋಗ ಒಂದೇ: ಪ್ರತಿ ಕಥೆಯೂ ಸೊನ್ನೆಯಿಂದ ಶುರು, ಇವಳು ಯಾರು, ಎಲ್ಲಿ ಕೆಲಸ, ಅಮ್ಮನಿಗೇನು ಕಾಯಿಲೆ. ಕಥೆಗೆ ನಾಲ್ಕು ನಿಮಿಷ ಅಂದರೂ ಐದಕ್ಕೆ ಇಪ್ಪತ್ತು ನಿಮಿಷ ಹೋಯಿತು. ಎರಡನೆಯ ಕಥೆಯ ಟೈಲರನ್ನು ಮೊದಲನೆಯದರಲ್ಲೇ ಎರಡು ಸಲ ಹಿನ್ನೆಲೆಯಲ್ಲಿ ತೋರಿಸಿದ್ದರೆ ಅವನ ಸರದಿ ಬಂದಾಗ ಪರಿಚಯ ಬೇಡ. ಜಾಗ ಹಿಡಿದು ತೆಗೆದದ್ದರ ಫಲ ಎಡಿಟಿಂಗಿನಲ್ಲಿ ಇಲ್ಲಿ ಕಾಣುತ್ತದೆ.

ಕೊಂಡಿಗಳನ್ನು ಮೊದಲ ವಾರವೇ ತೆಗೆದಿಟ್ಟೆವು. ಕೊನೆಗೆ ಬಿಟ್ಟರೆ ದುಡ್ಡೂ ಇರಲ್ಲ, ಜನವೂ ಇರಲ್ಲ, ಡ್ರೋನ್ ಶಾಟ್ ಹಾಕಿ ಮುಗಿಸುತ್ತಾರೆ. ನಮ್ಮದರಲ್ಲಿ ಕೊಂಡಿ ಒಂದು ಖಾಸಗಿ ಬಸ್. ರೈಲು ಇಲ್ಲದ ಜಿಲ್ಲೆಯಲ್ಲಿ ಪ್ರೀತಿ ಮಾಡುವವರೂ ಬಸ್ಸಿಗೇ ಕಾಯಬೇಕಲ್ಲ. ಓಡುವ ಬಸ್ಸಿನೊಳಗೆ ಮಾತು ಅಷ್ಟು ಸ್ವಚ್ಛವಾಗಿ ಹೇಗೆ ಸಿಕ್ಕಿತು ಅಂತ ಬಹಳ ಜನ ಕೇಳಿದ್ದಾರೆ. ಡಬ್ಬಿಂಗ್ ಅಲ್ಲ ಅನ್ನುವಷ್ಟು ಹೇಳುತ್ತೇನೆ. ಉಳಿದದ್ದು ಮುಂದಿನ ಚಿತ್ರಕ್ಕೆ ಬೇಕು.

ಸೌಂಡಿನ ಮಾತು ಬಂದಾಗ ಒಂದು ಅಡ್ಡದಾರಿ. ಸಂಜೆ ಕೆಲಸ ಮುಗಿದ ಮೇಲೆ ಸೌಂಡಿನವರು ಬರೀ ಮಳೆ ರೆಕಾರ್ಡ್ ಮಾಡುತ್ತಾ ಕೂರುತ್ತಿದ್ದರು: ತಗಡಿನ ಶೀಟಿನ ಮೇಲೆ, ಮಂಗಳೂರು ಹೆಂಚಿನ ಮೇಲೆ, ಬಾಳೆ ಎಲೆಯ ಮೇಲೆ, ಛತ್ರಿಯ ಒಳಗಿನಿಂದ, ಕಾಫಿ ಕಣಕ್ಕೆ ಹೊದಿಸಿದ ಟಾರ್ಪಾಲಿನ ಕೆಳಗೆ. ತಗಡಿನ ಮಳೆ ಮಾತಿನ ಮೇಲೆಯೇ ಕೂರುತ್ತದೆ, ಅದರಡಿ ಸಂಭಾಷಣೆ ಇಡಬೇಡಿ. ಹೆಂಚಿನದು ಮೆತ್ತಗೆ, ಮಾತಿಗೆ ಜಾಗ ಬಿಡುತ್ತದೆ. ಹಾಗಾಗಿ ಲೈನ್ ಮನೆಯ ಕಥೆಯಲ್ಲಿ ಜನ ಕಮ್ಮಿ ಮಾತಾಡುತ್ತಾರೆ, ಮಹದೇವಪೇಟೆಯ ಕಥೆಯಲ್ಲಿ ಹೆಚ್ಚು. ಅದನ್ನು ವಿಮರ್ಶಕರು ವರ್ಗಭೇದದ ಸೂಚನೆ ಅಂತ ಓದಿಕೊಂಡರೂ ನಮ್ಮ ತಕರಾರಿಲ್ಲ. ಮಳೆ ಸದ್ದು ಯಾವಾಗಲೂ ಬೇರೆ ಟ್ರ್ಯಾಕಿನಲ್ಲಿ, ಪ್ರತಿ ಜಾಗದಲ್ಲಿ ಕನಿಷ್ಠ ಎರಡು ನಿಮಿಷ ಸುಮ್ಮನೆ ತೆಗೆದಿಡಿ. ಇಲ್ಲದಿದ್ದರೆ ಪ್ರತಿ ಕಟ್‌ನಲ್ಲೂ ಮಳೆ ಜಿಗಿಯುತ್ತದೆ. ರೇನ್‌ಕೋಟ್ ಹಾಕಿದ ನಟರಿಗೆ ಕಾಲರ್ ಮೈಕ್ ಕಟ್ಟಿದರೆ ಬರೀ ಪರಪರ. ಬೂಮ್ (ಉದ್ದ ಕೋಲಿನ ತುದಿಯ ಮೈಕ್) ಒಂದೇ ದಾರಿ, ಅದರ ಮೇಲೆ ಕುದುರೆಕೂದಲಿನ ಹಾಸು ಹೊದಿಸಿದರೆ ಹನಿ ಬಿದ್ದ ಸದ್ದು ಸಾಯುತ್ತದೆ.

ಇನ್ನೊಂದು ಪ್ರಯೋಗ ವಿಜಯದಶಮಿ ರಾತ್ರಿಯದು. ಬೆಳಗಿನವರೆಗೆ ನಡೆಯುವ ದಶಮಂಟಪದ ಜನಸಾಗರ ಕೊನೆಯ ಕಥೆಗೆ ಹಿನ್ನೆಲೆ. ಕೋಟಿ ಕೊಟ್ಟರೂ ಕಟ್ಟಲಾಗದ ಸೆಟ್, ನಮಗೆ ಎರಡು ಬ್ಯಾಟರಿಯ ಖರ್ಚು. ಆದರೆ ಅಲ್ಲಿನ ಸೌಂಡ್ ಪೂರ್ತಿ ಎಸೆಯಬೇಕು. ಹಿನ್ನೆಲೆಯಲ್ಲಿ ಎಲ್ಲಾ ಕಡೆ ಸಿನಿಮಾ ಹಾಡು, ಹಕ್ಕು ನಮ್ಮದಲ್ಲ. ಅದಕ್ಕೇ ಮಾತಿಲ್ಲದ ದೃಶ್ಯ ಬರೆದು, ವಾಲಗ ಮತ್ತು ಜನರ ಗದ್ದಲವನ್ನು ಬೇರೆ ಕಡೆ ತೆಗೆದು ಹಾಕಿದೆವು. ತುಟಿ ಆಡುವ ಒಂದು ಶಾಟ್ ಇದ್ದರೂ ಕೆಲಸ ಕೆಡುತ್ತದೆ.

ಭಾಷೆ ಐದು: ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಮತ್ತು ಅಸ್ಸಾಮಿನಿಂದ ತೋಟಕ್ಕೆ ಬಂದ ಹುಡುಗನ ಹಿಂದಿ. ಎಲ್ಲರ ಬಾಯಲ್ಲೂ ಒಂದೇ ಪುಸ್ತಕದ ಕನ್ನಡ ಇಟ್ಟರೆ ಊರೇ ಸುಳ್ಳಾಗುತ್ತದೆ. ಸಬ್‌ಟೈಟಲ್ ಕನ್ನಡದಲ್ಲಿ ಹಾಕುವಾಗ ಎರಡು ಎಚ್ಚರ. ಬಿಳಿ ಅಕ್ಷರ ಮಂಜಿನಲ್ಲಿ ಕರಗಿಹೋಗುತ್ತದೆ, ಸುತ್ತ ತೆಳ್ಳನೆಯ ಕಪ್ಪು ಅಂಚು ಕೊಡಿ. ಎರಡು ಸಾಲು ಬಂದಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಸಾಲಿನ ಅಂತರ ಇಂಗ್ಲಿಷಿನ ಲೆಕ್ಕಕ್ಕಿಂತ ಜಾಸ್ತಿ ಇಡಿ. ಫಾಂಟ್ ಯಾವುದು ಅಂತ ಕೇಳಬೇಡಿ, ಹತ್ತಾರು ನೋಡಿ ಆರಿಸಿದ್ದು.

ಸೆನ್ಸಾರಿನಲ್ಲಿ ಸಿಕ್ಕಿಕೊಳ್ಳುವುದು ಚುಂಬನಕ್ಕಲ್ಲ, ನಾಯಿಗೆ. ಪ್ರಾಣಿಯನ್ನು ಬಳಸಿ ಶೂಟ್ ಮಾಡಿದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಬೇಕು. ತೋಟದ ನಾಯಿ ಮುದ್ದಾಗಿದೆ ಅಂತ ನಾಯಕನ ತೊಡೆಯ ಮೇಲೆ ಕೂರಿಸಿದರೆ ಆ ಪತ್ರಕ್ಕೆ ಅಲೆಯುವುದು ನಿಮ್ಮ ಪಾಲಿಗೆ. ಸ್ಕ್ರಿಪ್ಟಿನಲ್ಲೇ ನಾಯಿ ತೆಗೆದುಹಾಕಿ.

ಥಿಯೇಟರ್ ಸಿಗಲ್ಲ ಅನ್ನುವುದು ಮುಕ್ಕಾಲು ನಿಜ ಅಂದೆನಲ್ಲ, ಉಳಿದ ಕಾಲು ಭಾಗ ಇದು. ಊರಿನ ಹೆಸರಿನಲ್ಲಿ ತೆಗೆದ ಚಿತ್ರವನ್ನು ಊರಿನವರು ಟಿಕೆಟ್ ಕೊಟ್ಟು ನೋಡುತ್ತಾರೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆಯಲ್ಲಿ ಸಮುದಾಯದ ಹಾಲ್ ಬಾಡಿಗೆಗೆ ಹಿಡಿದು, ಪ್ರೊಜೆಕ್ಟರ್ ಒಯ್ದು, 150 ರೂಪಾಯಿ ಟಿಕೆಟ್ ಇಟ್ಟೆವು. ಹಾಲ್ ಬಾಡಿಗೆ, ಪ್ರೊಜೆಕ್ಟರ್, ಪೋಸ್ಟರ್ ಕಳೆದರೆ ಟಿಕೆಟ್ಟಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಕಾಫಿ ಕುಯ್ಲು ಶುರುವಾಗುವ ಮೊದಲೇ ಮುಗಿಸಿಬಿಡಬೇಕು. ನವೆಂಬರ್ ಕೊನೆಯಿಂದ ಸಂಜೆ ಹೊತ್ತು ತೋಟದವರು ಯಾರೂ ಬರಲ್ಲ, ಹಾಲ್‌ಗಳೂ ಮದುವೆಗೆ ಹೋಗುತ್ತವೆ. ಬೆಂಗಳೂರು, ಮೈಸೂರಿನಲ್ಲಿರುವ ಕೊಡಗಿನವರಿಗೆ ಭಾನುವಾರ ಬೆಳಗಿನ ಪ್ರದರ್ಶನ ಇಟ್ಟದ್ದು ಟಿಕೆಟ್ಟಿಗೆ 250ರಂತೆ ಹೋಯಿತು. ಕೈಬಿಟ್ಟ ಆರನೆಯ ಕಥೆಯನ್ನು ಪ್ರತ್ಯೇಕ ಕಿರುಚಿತ್ರವಾಗಿ ಸರ್ಟಿಫಿಕೇಟ್ ಮಾಡಿಸುತ್ತಿದ್ದೇವೆ. ಅದರ ಗಳಿಕೆಯೂ ಅದೇ ಛಾಪಾ ಕಾಗದದ ಪ್ರಕಾರ ಆರು ಪಾಲು.