ದೊಡ್ಡ ಕಂಪನಿಯನ್ನು ಮಾತುಕತೆಗೆ ಕೂರಿಸುವ ಪೇಟೆಂಟ್ ಬರೆಯುವುದು ಹೇಗೆ?

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಹುಡುಗರು, ಹುಡುಗಿಯರು ಈಗ ಊರಲ್ಲೇ ಕೂತು ಸಾಫ್ಟ್‌ವೇರ್ ಬರೆಯುತ್ತಾರೆ. ಕೆಲವರಿಗೆ ನಿಜಕ್ಕೂ ಹೊಸದಾದ ಭದ್ರತಾ ಉಪಾಯ ಹೊಳೆಯುತ್ತದೆ. ಸ್ವಲ್ಪ ಸಮಯ ಕಳೆದ ಮೇಲೆ ಅದೇ ಉಪಾಯ ಯಾವುದೋ ದೊಡ್ಡ ಕಂಪನಿಯ ಆ್ಯಪಿನಲ್ಲಿ ಕಾಣಿಸುತ್ತದೆ. ಕೈಯಲ್ಲಿ ಪೇಟೆಂಟ್ ಇದ್ದೂ ಏನೂ ಮಾಡಲಾಗದೆ ಕೂತವರನ್ನು ನಾನು ನೋಡಿದ್ದೇನೆ. ಅವರ ಸರ್ಟಿಫಿಕೇಟ್ ಸರಿಯಾಗೇ ಇತ್ತು. ಒಳಗೆ ಬರೆದ ಕ್ಲೇಮುಗಳು, ಅಂದರೆ ಹಕ್ಕು ಎಲ್ಲಿಯವರೆಗೆ ಎಂದು ಹೇಳುವ ವಾಕ್ಯಗಳು, ಯಾರನ್ನೂ ಹಿಡಿಯುವ ಹಾಗಿರಲಿಲ್ಲ. ಹಾಗಾಗಿ ಇಲ್ಲಿ ಜಾಸ್ತಿ ಜಾಗ ಕ್ಲೇಮಿಗೇ.

ಹಂತ 1: ಅರ್ಜಿ ಹಾಕುವ ತನಕ ಬಾಯಿ ಬಿಡಬೇಡಿ

ಗಿಟ್‌ಹಬ್, ಲಿಂಕ್ಡ್‌ಇನ್, ಕಾಲೇಜಿನ ಟೆಕ್ ಫೆಸ್ಟ್ ಯಾವುದೂ ಬೇಡ. ಆರ್‌ಎಸ್‌ಎ ಗೂಢಲಿಪಿಯ ಕತೆ ನೋಡಿ. ಅದರ ವಿವರ 1977ರ ಆಗಸ್ಟ್‌ನಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂತು. ಪೇಟೆಂಟ್ ಅರ್ಜಿ ಹಾಕಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಅಮೆರಿಕದ ಕಾನೂನು ಪ್ರಕಟಣೆಯ ನಂತರವೂ ಒಂದು ವರ್ಷ ಅವಕಾಶ ಕೊಡುತ್ತದೆ, ಹಾಗಾಗಿ ಅಲ್ಲಿ ಪೇಟೆಂಟ್ ಸಿಕ್ಕಿತು. ಬೇರೆ ದೇಶಗಳಲ್ಲಿ ಹಕ್ಕು ಕೈತಪ್ಪಿತು.

ಕಂಪನಿಗಳ ‘ನಿಮ್ಮ ಐಡಿಯಾ ಕಳಿಸಿ’ ಪುಟಕ್ಕೂ ಈಗಲೇ ಕೈಹಾಕಬೇಡಿ. ಕಳಿಸಿದ್ದನ್ನು ಗುಟ್ಟಾಗಿಡುವ ಹೊಣೆ ತಮಗಿಲ್ಲ ಎಂದು ಅದರ ಷರತ್ತಿನಲ್ಲಿ ಹೆಚ್ಚಾಗಿ ಬರೆದಿರುತ್ತದೆ.

ಇನ್ನೊಂದು ಅಡ್ಡದಾರಿ ಆಗಾಗ ಕೇಳಿಬರುತ್ತದೆ. ಕಂಪನಿಯ ಸಾಫ್ಟ್‌ವೇರಿನಲ್ಲಿ ದೋಷ ಹುಡುಕು, ರಿಪೇರಿಯ ವಿಧಾನಕ್ಕೆ ಪೇಟೆಂಟ್ ಹಾಕು, ರಿಪೇರಿ ಮಾಡಿದಾಗ ದುಡ್ಡು ಕೇಳು. 2007ರಲ್ಲಿ ಇಂಟೆಲೆಕ್ಚುವಲ್ ವೆಪನ್ಸ್ ಎಂಬ ಸಂಸ್ಥೆ ಇದನ್ನೇ ವ್ಯಾಪಾರ ಮಾಡಲು ಹೊರಟಿತ್ತು. ಇದು ನಡೆಯುವ ಲೆಕ್ಕ ಅಲ್ಲ. ಕಂಪನಿ ವಾರಗಳಲ್ಲಿ ದೋಷ ಮುಚ್ಚುತ್ತದೆ, ಅದೂ ತನಗೆ ಬೇಕಾದ ಬೇರೆ ರೀತಿಯಲ್ಲಿ. ಪೇಟೆಂಟ್ ಬರಲು ವರ್ಷಗಳು ಬೇಕು. ಅಷ್ಟು ಕಾಲ ದೋಷ ಮುಚ್ಚಿಟ್ಟರೆ ಪೆಟ್ಟು ಬೀಳುವುದು ಬಳಕೆದಾರರಿಗೆ. ‘ದುಡ್ಡು ಕೊಡಿ, ಇಲ್ಲದಿದ್ದರೆ ಬಯಲು ಮಾಡುತ್ತೇನೆ’ ಎಂದರೆ ಸುಲಿಗೆಯ ಕೇಸೇ ಬೀಳಬಹುದು. ದೋಷ ಕಂಡರೆ ಕಂಪನಿಗೋ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೋ ತಿಳಿಸಿ. ಪೇಟೆಂಟಿನ ವಿಷಯ ಬೇರೆಯೇ ಇರಲಿ.

ಹಂತ 2: ಉಪಾಯ ನಿಮ್ಮದೇ ತಾನೇ?

ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ನೌಕರಿ ಇದ್ದರೆ ನೇಮಕಾತಿ ಪತ್ರ ತೆಗೆದು ಓದಿ. ಮನೆಯಲ್ಲಿ ರಾತ್ರಿ ಬರೆದದ್ದೂ ಕಂಪನಿಗೇ ಸೇರುತ್ತದೆ ಎಂಬ ಸಾಲು ಎಷ್ಟೋ ಪತ್ರಗಳಲ್ಲಿ ಇರುತ್ತದೆ. ಗೆಳೆಯರು ಜತೆಗಿದ್ದರೆ ಹಕ್ಕು ಯಾರದು ಎಂದು ಈಗಲೇ ಬರೆದು ಸಹಿ ಹಾಕಿಸಿ.

ಹಂತ 3: ಹಳೆಯದನ್ನು ಹುಡುಕಿ

ಪೇಟೆಂಟ್ ಹುಡುಕುವ ತಾಣಗಳಾದ ಗೂಗಲ್ ಪೇಟೆಂಟ್ಸ್, ಯುರೋಪಿನ ಎಸ್ಪಾಸ್‌ನೆಟ್, ನಮ್ಮ ಪೇಟೆಂಟ್ ಕಚೇರಿಯ ಇನ್‌ಪಾಸ್ ಮೂರೂ ಉಚಿತ. ಪದ ಹಾಕಿ ಹುಡುಕಿದರೆ ಸಾಲದು, ವರ್ಗದ ಸಂಖ್ಯೆ ಹಾಕಿ. ನೆಟ್‌ವರ್ಕ್ ಭದ್ರತೆಗೆ ಎಚ್04ಎಲ್ 63, ಕಂಪ್ಯೂಟರ್ ಭದ್ರತೆಗೆ ಜಿ06ಎಫ್ 21, ವೈರ್‌ಲೆಸ್‌ಗೆ ಎಚ್04ಡಬ್ಲ್ಯೂ 12. ಈ ಕೆಲಸ ನೀವೇ ಮಾಡಿ. ಅಗ್ಗದ ಪೇಟೆಂಟ್ ಪ್ಯಾಕೇಜ್ ಮಾರುವವರು ಕೊಡುವ ‘ಸರ್ಚ್ ರಿಪೋರ್ಟ್’ ನಂಬಿ ಮುಂದೆ ಹೋಗಬೇಡಿ.

ಹಂತ 4: ಕ್ಲೇಮ್ ಬರೆಯುವುದು

ಪೇಟೆಂಟಿನ ಕೊನೆಯಲ್ಲಿ ನಂಬರ್ ಹಾಕಿ ಬರೆಯುವ ವಾಕ್ಯಗಳೇ ಕ್ಲೇಮುಗಳು. ಅವು ಜಾಗದ ಸರ್ವೆ ಕಲ್ಲು ಇದ್ದ ಹಾಗೆ, ಅದರ ಆಚೆ ನಿಮ್ಮ ಹಕ್ಕು ಇಲ್ಲ.

ಮೊದಲ ತಡೆ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ). ಬರೀ ಕಂಪ್ಯೂಟರ್ ಪ್ರೋಗ್ರಾಂ ಅಥವಾ ಅಲ್ಗಾರಿದಮ್‌ಗೆ ಪೇಟೆಂಟ್ ಇಲ್ಲ. ಆದರೆ ತಾಂತ್ರಿಕ ಪರಿಣಾಮ ತೋರಿಸಿದರೆ ದಾರಿ ಇದೆ ಎಂದು ದೆಹಲಿ ಹೈಕೋರ್ಟ್ 2019ರಲ್ಲಿ ಫರೀದ್ ಅಲ್ಲಾನಿ ಕೇಸಿನಲ್ಲಿ ಹೇಳಿತು. 2023ರಲ್ಲಿ ಮೈಕ್ರೋಸಾಫ್ಟ್‌ನ ಲಾಗಿನ್ ದೃಢೀಕರಣದ ಅರ್ಜಿಯನ್ನು ಕಚೇರಿ ತಿರಸ್ಕರಿಸಿದ್ದನ್ನೂ ಅದೇ ಕೋರ್ಟ್ ರದ್ದು ಮಾಡಿತು. ಅಮೆರಿಕದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ 2014ರ ಆ್ಯಲಿಸ್ ತೀರ್ಪು ಇಂಥದೇ ತಡೆ. ಅದನ್ನು ದಾಟಿದವರಲ್ಲಿ ಫಿಂಜನ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯವರೂ ಇದ್ದಾರೆ. ಡೌನ್‌ಲೋಡ್ ಫೈಲ್ ಬಳಕೆದಾರರಿಗೆ ಸಿಗುವ ಮೊದಲೇ ಅದರಲ್ಲಿರುವ ಅನುಮಾನದ ಕೋಡನ್ನು ಗುರುತಿಸಿ, ಆ ವಿವರವನ್ನು ಫೈಲಿಗೇ ಜೋಡಿಸಬೇಕು ಎಂದು ಅವರು ಹಂತ ಹಂತವಾಗಿ ಬರೆದಿದ್ದರು. 2018ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ‘ವೈರಸ್ ಪತ್ತೆಹಚ್ಚುವ ವಿಧಾನ’ ಎಂದಷ್ಟೇ ಬರೆದಿದ್ದರೆ ನಿಲ್ಲುತ್ತಿರಲಿಲ್ಲ.

ಈಗ ನಮ್ಮೂರಿನದೇ ಉದಾಹರಣೆ. ತಲಪಾಡಿ ದಾಟಿದರೆ ಫೋನು ಕೇರಳ ಸರ್ಕಲ್ ಬಿಟ್ಟು ಕರ್ನಾಟಕ ಸರ್ಕಲ್‌ಗೆ ಹೋಗುತ್ತದೆ. ಉಪ್ಪಳದಿಂದ ದಿನಾ ಮಂಗಳೂರಿಗೆ ಹೋಗುವ ಒಬ್ಬಳು ವಿದ್ಯಾರ್ಥಿನಿಗೆ ಪಾವತಿ ಆ್ಯಪ್ ಕಳ್ಳತನದ ಅನುಮಾನದಿಂದ ಪದೇ ಪದೇ ಒಟಿಪಿ ಕೇಳುತ್ತದೆ ಅಂತ ಇಟ್ಟುಕೊಳ್ಳಿ. ಅವಳು ಒಂದು ದಾರಿ ಹುಡುಕುತ್ತಾಳೆ. ದಾರಿಯುದ್ದಕ್ಕೂ ಸಿಕ್ಕ ಟವರುಗಳ ಸಾಲನ್ನು ಫೋನು ತನ್ನೊಳಗೇ ಒಂದು ಚಿಕ್ಕ ಗುರುತಾಗಿ ಮಾಡುತ್ತದೆ. ಫೋನಿನ ಭದ್ರತಾ ಚಿಪ್‌ನ ಕೀಲಿಯಿಂದ ಅದಕ್ಕೆ ಸಹಿ ಹಾಕಿ ಲಾಗಿನ್ ಜತೆ ಕಳಿಸುತ್ತದೆ. ರೂಢಿಯ ದಾರಿಗೆ ಹೊಂದಿದರೆ ಒಟಿಪಿ ಬೇಡ.

ಇದನ್ನು ಬರೆಯುವಾಗ ಎಡವುವ ಜಾಗಗಳು ಇವು.

‘ಬಳಕೆದಾರ ಇರುವ ಜಾಗ ನೋಡಿ ಲಾಗಿನ್ ಖಚಿತಪಡಿಸುವ ವಿಧಾನ’ ಎಂದು ಬರೆದರೆ ಕೆಲಸ ಕೆಟ್ಟಿತು. ಅದು ಬಹಳ ಹಳೆಯದು, ಬಿದ್ದುಹೋಗುತ್ತದೆ. ಹಾಗಂತ ‘ಮೊಬೈಲ್ ಟವರ್’ ಎಂದೇ ಗಂಟು ಹಾಕಿದರೆ ಕಂಪನಿ ವೈಫೈ ಸಂಕೇತ ಬಳಸಿ ಪಾರಾಗುತ್ತದೆ. ಮೊದಲ ಕ್ಲೇಮಿನಲ್ಲಿ ‘ರೇಡಿಯೊ ಸಂಕೇತ ಕಳಿಸುವ ಸಾಧನಗಳ ಸಾಲು’ ಎಂದು ಬರೆಯಿರಿ. ಟವರ್, ವೈಫೈ, ಬ್ಲೂಟೂತ್ ಒಂದೊಂದನ್ನೂ ಅದರ ಕೆಳಗಿನ ಕ್ಲೇಮುಗಳಲ್ಲಿ ಹೆಸರಿಸಿ. ಮೇಲಿನದು ಬಿದ್ದರೂ ಕೆಳಗಿನದು ಉಳಿಯಬಹುದು.

ಮುಂದಿನದು ಯಾರು ಮಾಡುತ್ತಾರೆ ಎಂಬ ಪ್ರಶ್ನೆ. ಒಂದೇ ಕ್ಲೇಮಿನಲ್ಲಿ ಅರ್ಧ ಹಂತ ಬಳಕೆದಾರನ ಫೋನು ಮಾಡಿ, ಉಳಿದರ್ಧ ಕಂಪನಿಯ ಸರ್ವರ್ ಮಾಡಿದರೆ, ‘ಪೂರ್ತಿ ನಾವು ಮಾಡಲೇ ಇಲ್ಲ’ ಎನ್ನುತ್ತಾರೆ. ಆಕಮೈ, ಲೈಮ್‌ಲೈಟ್ ಎಂಬ ಎರಡು ಇಂಟರ್ನೆಟ್ ಕಂಪನಿಗಳ ನಡುವಿನ ಇದೇ ತಕರಾರಿನ ಕೇಸು 2006ರಲ್ಲಿ ಶುರುವಾಗಿ 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. ಫೋನಿನ ಕಡೆಯಿಂದ ಒಂದು ಕ್ಲೇಮ್, ಸರ್ವರಿನ ಕಡೆಯಿಂದ ಇನ್ನೊಂದು, ಬೇರೆ ಬೇರೆ ಬರೆಯಿರಿ.

ಎಲ್ಲಕ್ಕಿಂತ ಜಾಸ್ತಿ ಜನ ಸೋಲುವುದು ಇಲ್ಲಿ: ಕ್ಲೇಮಿನ ಜೀವಾಳ ಕಂಪನಿಯ ಸರ್ವರಿನೊಳಗೆ ಅಡಗಿರುತ್ತದೆ. ‘ಸರ್ವರ್ ಈ ಸೂತ್ರದಿಂದ ಅಂಕ ಲೆಕ್ಕಹಾಕುತ್ತದೆ’ ಎಂದು ಬರೆದರೆ ಅದನ್ನು ನೀವು ಎಲ್ಲಿಂದ ತೋರಿಸುತ್ತೀರಿ? ಅದರ ಬದಲು ಫೋನಿನಿಂದ ಏನು ಹೊರಗೆ ಹೋಗುತ್ತದೆ, ಏನು ವಾಪಸ್ ಬರುತ್ತದೆ, ಒಟಿಪಿ ಪರದೆ ಯಾವಾಗ ಬರುವುದಿಲ್ಲ ಎಂಬುದರ ಮೇಲೆ ಬರೆಯಿರಿ. ಕರಡು ಕ್ಲೇಮನ್ನು ಪ್ರಿಂಟ್ ಹಾಕಿ, ಒಂದೊಂದು ತುಂಡಿಗೂ ಗೆರೆ ಎಳೆಯಿರಿ. ‘ಇದನ್ನು ನನ್ನ ಫೋನಿನಲ್ಲಿ, ನನ್ನ ಖಾತೆಯಲ್ಲಿ ತೋರಿಸಬಹುದಾ?’ ಎಂದು ಕೇಳಿಕೊಳ್ಳಿ. ಆಗದ ತುಂಡು ಸಿಕ್ಕರೆ ಮತ್ತೆ ಬರೆಯಿರಿ. ಅರ್ಜಿ ಬರೆದುಕೊಡುವ ಪೇಟೆಂಟ್ ಏಜೆಂಟರಿಗೆ ಬೇಜಾರಾದರೂ ಪರವಾಗಿಲ್ಲ, ಪಟ್ಟು ಬಿಡಬೇಡಿ.

ಪೇಟೆಂಟ್ ಕಚೇರಿಗೆ ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬೇಕು. ಆದರೂ ಏಜೆಂಟರಿಗೆ ವಿಷಯ ಕನ್ನಡದಲ್ಲೇ ವಿವರಿಸಿ. ಕನ್ನಡ ಬಲ್ಲ ಏಜೆಂಟರು ಮಂಗಳೂರು, ಬೆಂಗಳೂರಿನಲ್ಲಿ ಸಿಗುತ್ತಾರೆ. ಅರ್ಧ ಗೊತ್ತಿರುವ ಭಾಷೆಯಲ್ಲಿ ಹೇಳಿದ ಉಪಾಯ ಕಾಗದದಲ್ಲೂ ಅರ್ಧವೇ ಬರುತ್ತದೆ.

ಹಂತ 5: ಅರ್ಜಿ

ಕಾಸರಗೋಡಿನವರಿಗೆ ಚೆನ್ನೈ ಕಚೇರಿ, ಆನ್‌ಲೈನ್‌ನಲ್ಲೇ ಹಾಕಬಹುದು. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ ಶುಲ್ಕ 1,600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4,000. ಮೊದಲು ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ತಿ ವಿವರ ಕೊಡಿ. ಪ್ರೊವಿಷನಲ್ ಒಂದು ಪುಟದಲ್ಲಿ ಮುಗಿಸಬೇಡಿ, ಅದರಲ್ಲಿ ಬರೆಯದೆ ಬಿಟ್ಟದ್ದಕ್ಕೆ ಅದನ್ನು ಹಾಕಿದ ತಾರೀಕಿನ ಹಕ್ಕು ಸಿಗುವುದಿಲ್ಲ. ಮಹಿಳೆಯರು, ಸ್ಟಾರ್ಟಪ್‌ಗಳು ಬೇಗ ಪರೀಕ್ಷೆ ಮಾಡಿ ಎಂದು ಕೇಳಬಹುದು. ನೋಂದಾಯಿತ ಸ್ಟಾರ್ಟಪ್ ಆದರೆ ಏಜೆಂಟರ ಫೀಸನ್ನು ಸ್ಟಾರ್ಟಪ್‌ಗಳಿಗೆಂದೇ ಇರುವ ಕೇಂದ್ರದ ಎಸ್‌ಐಪಿಪಿ ಯೋಜನೆ ಭರಿಸುತ್ತದೆಯೇ ಎಂದು ವಿಚಾರಿಸಿ.

ಅಮೆರಿಕದಲ್ಲೂ ಬೇಕಾದರೆ ಮೊದಲು ಇಲ್ಲಿ ಹಾಕಿ ಆರು ವಾರ ಕಾಯಿರಿ, ಇಲ್ಲವೇ ಅನುಮತಿ ಪಡೆಯಿರಿ. ಸೆಕ್ಷನ್ 39 ಮೀರಿದರೆ ಇಲ್ಲಿನ ಅರ್ಜಿಯನ್ನೇ ಕೈಬಿಟ್ಟಂತೆ ಎಣಿಸುತ್ತಾರೆ. ‘ವರ್ಲ್ಡ್ ಪೇಟೆಂಟ್’ ಮಾಡಿಸಿಕೊಡುತ್ತೇವೆ ಎನ್ನುವವರನ್ನು ದೂರ ಇಡಿ, ಅಂಥದ್ದೊಂದು ಇಲ್ಲವೇ ಇಲ್ಲ. ಕಾಲೇಜಿನವರಿಗೆ ಪೇಟೆಂಟ್ ಹೆಸರಿನಲ್ಲಿ ಮಾರುವ ವಿದೇಶಿ ಡಿಸೈನ್ (ಬರೀ ಹೊರರೂಪದ) ನೋಂದಣಿಯಿಂದ ಯಾವ ಕಂಪನಿಯೂ ಅಲ್ಲಾಡದು.

ಹಂತ 6: ಚಾರ್ಟ್ ಮತ್ತು ಪತ್ರ

ಪೇಟೆಂಟ್ ಸಿಗುವ ತನಕ ಕೇಸು ಹಾಕಲಾಗದು. ಸಿಕ್ಕಿದ ಮೇಲೆ ಎರಡು ಕಾಲಮಿನ ಚಾರ್ಟ್ ಮಾಡಿ: ಎಡಕ್ಕೆ ಕ್ಲೇಮಿನ ತುಂಡು, ಬಲಕ್ಕೆ ಆ ಆ್ಯಪಿನಲ್ಲಿ ಅದು ಕಂಡ ಜಾಗ, ತಾರೀಕು, ಸ್ಕ್ರೀನ್‌ಶಾಟ್, ಕಂಪನಿಯದೇ ಡಾಕ್ಯುಮೆಂಟೇಶನ್. ಒಂದು ತುಂಡಿನ ಎದುರು ಖಾಲಿ ಉಳಿದರೂ ಪತ್ರ ಕಳಿಸಬೇಡಿ.

ಪತ್ರದಲ್ಲಿ ಬೆದರಿಕೆ ಬೇಡ. ಆಧಾರವಿಲ್ಲದ ಬೆದರಿಕೆಗೆ ಸೆಕ್ಷನ್ 106ರ ಅಡಿ ಅವರೇ ನಿಮ್ಮ ಮೇಲೆ ಕೇಸು ಹಾಕಬಹುದು. ‘ಈ ಪೇಟೆಂಟ್ ಇದೆ’ ಎಂದು ತಿಳಿಸುವುದನ್ನು ಅದೇ ಸೆಕ್ಷನ್ ಬೆದರಿಕೆ ಎಂದು ಎಣಿಸುವುದಿಲ್ಲ. ಅಷ್ಟೇ ತಿಳಿಸಿ, ಲೈಸೆನ್ಸ್ ಬಗ್ಗೆ ಮಾತಾಡಲು ಕರೆಯಿರಿ. ವಕೀಲರ ಕೈಯಿಂದಲೇ ಹೋಗಲಿ.

ಹಂತ 7: ಎಷ್ಟು ಕೇಳಬೇಕು

ಅಮೆರಿಕದ ಕೋರ್ಟುಗಳ ದೊಡ್ಡ ಮೊತ್ತ ನೋಡಿ ಕನಸು ಕಾಣಬೇಡಿ. ಸೆಂಟ್ರಿಪೆಟಲ್ ಎಂಬ ಚಿಕ್ಕ ಭದ್ರತಾ ಕಂಪನಿಗೆ 2020ರಲ್ಲಿ ನೆಟ್‌ವರ್ಕ್ ಕಂಪನಿ ಸಿಸ್ಕೊ 190 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾಯಿತು. ನ್ಯಾಯಾಧೀಶರ ಹೆಂಡತಿಯ ಬಳಿ ಸಿಸ್ಕೊ ಷೇರು ಇದ್ದ ಕಾರಣಕ್ಕೆ 2022ರಲ್ಲಿ ಅದು ರದ್ದಾಯಿತು, ಹೊಸ ನ್ಯಾಯಾಧೀಶರು ಉಲ್ಲಂಘನೆಯೇ ಇಲ್ಲ ಎಂದರು. ವರ್ನೆಟ್‌ಎಕ್ಸ್ ಎಂಬ ಪೇಟೆಂಟ್ ಕಂಪನಿಗೆ ಆ್ಯಪಲ್ 2020ರಲ್ಲಿ 45.4 ಕೋಟಿ ಡಾಲರ್ ಕಟ್ಟಿತು. ಆದರೆ ಅದೇ ವರ್ಷ ಜ್ಯೂರಿ ಕೊಟ್ಟ 50.28 ಕೋಟಿಯ ಇನ್ನೊಂದು ತೀರ್ಪು 2023ರಲ್ಲಿ ಬಿದ್ದುಹೋಯಿತು, ಅಲ್ಲಿನ ಪೇಟೆಂಟ್ ಕಚೇರಿಯ ಮಂಡಳಿ ಆ ಕ್ಲೇಮುಗಳನ್ನೇ ಅಸಿಂಧು ಎಂದಿತ್ತು. ನಿಮ್ಮ ಮೇಲೂ ಮೊದಲು ಇದೇ ದಾಳಿ ಬರುತ್ತದೆ.

ಹಾಗಾಗಿ ಬೇರೆ ಕಂಪನಿಗಳಿಗೂ ಕೊಡಬಹುದಾದ, ವರ್ಷವರ್ಷಕ್ಕೆ ಹಣ ಬರುವ ಲೈಸೆನ್ಸ್ ಕೇಳಿ. ಅವರ ಆ್ಯಪಿನಲ್ಲಿ ಈ ಉಪಾಯ ಅರೆಬರೆ ಅಳವಡಿಸಿ ಜನರಿಗೆ ಅಪಾಯವಾಗುತ್ತಿದ್ದರೆ ಅದನ್ನು ಸರಿಪಡಿಸುವ ಗಡುವನ್ನೂ ಒಪ್ಪಂದದಲ್ಲೇ ಬರೆಸಿ. ನನ್ನ ಪ್ರಕಾರ ಸ್ವಲ್ಪ ಹಣ ಬಿಟ್ಟುಕೊಟ್ಟಾದರೂ ಅದನ್ನು ಪಡೆಯಬೇಕು. ಪೇಟೆಂಟನ್ನೇ ಮಾರುವ ಮಾತು ಬಂದರೆ, ನಿಮ್ಮ ಸ್ವಂತ ಆ್ಯಪಿಗೆ ಉಚಿತ ಲೈಸೆನ್ಸ್ ವಾಪಸ್ ಕೊಡುವ ಸಾಲು ಮಾರಾಟ ಪತ್ರದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ನೀವೇ ಬರೆದ ಕೋಡನ್ನು ಓಡಿಸಲು ನಾಳೆ ಅವರ ಅನುಮತಿ ಕೇಳಬೇಕಾಗುತ್ತದೆ.