ಹೋಂ ನರ್ಸ್ ಕೆಲಸದ ನಡುವೆ ಎರಡು ತಿಂಗಳ ಬಿಡುವು: ಹೇಗೆ ತಗೊಳ್ಳೋದು

ಮನೆಯವರಿಗೆ "ಕೆಲಸ ಬಿಟ್ಟೆ" ಅಂತ ಹೇಳಬೇಡಿ. "ಇಂಥಾ ತಾರೀಕಿನವರೆಗೆ ರಜೆ" ಅನ್ನಿ. ನಾನು ಬಿಟ್ಟೆ ಅಂದೆ. ಮೂರನೇ ದಿನಕ್ಕೆ ಕೇರಳದ ಕಾಸರಗೋಡು ಕಡೆಯ ಬದಿಯಡ್ಕದ ಚಿಕ್ಕಮ್ಮನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು, "ನೀನು ಹೇಗೂ ಮನೆಯಲ್ಲೇ ಇದ್ದೀಯಲ್ಲ, ಎರಡು ದಿನ ಬಾ" ಅಂತ ಫೋನು ಬಂತು, ಆ ಎರಡು ದಿನ ಹತ್ತೊಂಬತ್ತು ದಿನ ಆಯ್ತು. ಸಂಬಳ ಇಲ್ಲ, ನಿದ್ದೆಯೂ ಇಲ್ಲ. ಆಗೋದಿಲ್ಲ ಅನ್ನೋದು ಕಷ್ಟವಾದರೆ ಬೇರೊಬ್ಬ ಹೋಂ ನರ್ಸಿನ ನಂಬರ್ ಕೊಡಿ.

ಇನ್ನು ಕಾಗದಪತ್ರ. ಬಿಡುವ ಮೊದಲೇ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಕೇಳಿ ತಗೊಳ್ಳಿ. ಅದು ಇಂಗ್ಲಿಷಿನಲ್ಲಿರಲಿ. ಮಲಯಾಳದಲ್ಲಿ ಬರೆದುಕೊಟ್ಟರೆ ನಾಳೆ ಮಂಗಳೂರಲ್ಲಿ ಯಾರು ಓದ್ತಾರೆ?

ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವರು ಇಎಸ್‌ಐ (ಸಂಬಳದಿಂದ ಕಟ್ಟುವ ನೌಕರರ ವಿಮೆ) ಕಾರ್ಡನ್ನು ಡಬ್ಬದಲ್ಲಿ ಹಾಕಿ ಮರೆಯಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಸವಲತ್ತು ಸಿಗೋದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಹಾಗಾಗಿ ಕೆಲಸ ಬಿಟ್ಟ ದಿನವೇ ಎಲ್ಲ ಮುಗಿಯಿತು ಅಂದ್ಕೊಳ್ಳದೆ ಡಿಸ್ಪೆನ್ಸರಿಯಲ್ಲಿ ಒಮ್ಮೆ ವಿಚಾರಿಸಿ. ಪಿಎಫ್ ದುಡ್ಡಿಗೂ ಸುಮ್ನೆ ಕೈ ಹಾಕಬೇಡಿ, ಪೆನ್ಷನ್ ಬೇಕಾದರೆ 10 ವರ್ಷದ ಸರ್ವಿಸ್ ಆಗಬೇಕು, ಪೆನ್ಷನ್ ಪಾಲನ್ನೂ ತೆಗೆದರೆ ಆ ಲೆಕ್ಕ ಮತ್ತೆ ಒಂದರಿಂದ. ಏಜೆನ್ಸಿಯಲ್ಲಿ ಇದ್ಯಾವುದೂ ಇಲ್ಲದವರು ಎರಡು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಹೊರಡಿ.

ಮೊದಲ ವಾರ ಏನೂ ಪ್ಲಾನ್ ಮಾಡಬೇಡಿ. ಹಾಸಿಗೆ ಹಿಡಿದವರನ್ನು ಬೆನ್ನು ಹುಣ್ಣಾಗದ ಹಾಗೆ ಎರಡೆರಡು ಗಂಟೆಗೆ ಮಗ್ಗುಲು ತಿರುಗಿಸಿ ಅಭ್ಯಾಸ ಅಲ್ವಾ, ರಾತ್ರಿ ಎರಡಕ್ಕೆ ತಾನಾಗಿ ಎಚ್ಚರ ಆಗ್ತದೆ. ನಾನು ಎದ್ದು ಕತ್ತಲಲ್ಲೇ ಪಕ್ಕದ ಹಾಸಿಗೆ ತಡವಿದ್ದೆ, ತಂಗಿ ಹೆದರಿ ಕಿರುಚಿದಳು. ಹತ್ತು ದಿನಕ್ಕೆ ಸರಿಹೋಯ್ತು. ಸೊಂಟನೋವಿದ್ದರೆ ಈಗಲೇ ಡಾಕ್ಟರಿಗೆ ತೋರಿಸಿ.

ಕೆಲಸದ ರೂಢಿ ತಪ್ಪಬಾರದು ಅಂತಿದ್ದರೆ ಕೊನೆಯ ಎರಡು ವಾರ ಪಂಚಾಯತಿನ ಪಾಲಿಯೇಟಿವ್ ತಂಡದವರು (ಹಾಸಿಗೆ ಹಿಡಿದವರ ಆರೈಕೆಗೆ ಮನೆಗೆ ಬರುವವರು) ಮನೆಭೇಟಿಗೆ ಹೋಗುವಾಗ ಜೊತೆಗೆ ಬರಬಹುದಾ ಅಂತ ಕೇಳಿ, ವಾರಕ್ಕೊಂದು ದಿನ ಸಾಕು.

ಹೊಸ ಮನೆ ಒಪ್ಪುವ ಮೊದಲು ಮೂರು ಕೇಳಿ: ರೋಗಿಯ ತೂಕ ಎಷ್ಟು, ಎತ್ತಲು ಇನ್ನೊಬ್ಬರು ಇದ್ದಾರಾ, ನನಗೆ ಮಲಗಲು ಜಾಗ ಎಲ್ಲಿ. ಮೂರನೆಯದಕ್ಕೆ "ಅಡ್ಜಸ್ಟ್ ಮಾಡುವ" ಅಂದರೆ ಇನ್ನೊಂದು ವಾರ ರಜೆ ಮುಂದುವರಿಸಿ.