ಎಲ್ಲದಕ್ಕೂ ಮಾಲೀಕರೇ ಬೇಕೆ? ಸಣ್ಣ ಉದ್ಯಮಿಗಳು ಕೋಚ್ ನೆರವು ಪಡೆಯುವುದು ಹೇಗೆ

ಪೀಣ್ಯವಾಗಲಿ, ಬೆಳಗಾವಿಯ ಉದ್ಯಮಬಾಗವಾಗಲಿ, 20–30 ಜನ ದುಡಿಯುವ ಮಷಿನ್ ಶಾಪ್‌ನಲ್ಲಿ ಕ್ವೋಟೇಷನ್‌ಗೆ ದರ ಹಾಕುವವರು ಮಾಲೀಕರು. ಟೂಲ್ ತರಿಸಲು ಒಪ್ಪಿಗೆ ಕೊಡುವವರು, ರಜೆ ಚೀಟಿಗೆ ಸಹಿ ಹಾಕುವವರು, ಬಾಕಿ ಕೇಳಿ ಫೋನ್ ಮಾಡುವವರು ಕೂಡ ಅವರೇ. ಎಂಟು ಜನರಿದ್ದಾಗ ಇದರಿಂದ ಕೆಲಸ ಸಲೀಸಾಗುತ್ತದೆ. ಇಪ್ಪತ್ತೈದು ಜನರಾದ ಮೇಲೆ ಇದೇ ಅಡ್ಡಿಯಾಗುತ್ತದೆ: ಮಾಲೀಕರು ಒಂದು ದಿನ ಮದುವೆಗೆ ಹೋದರೆ ಡಿಸ್ಪ್ಯಾಚ್ ತಡವಾಗುತ್ತದೆ. ಎಕ್ಸಿಕ್ಯೂಟಿವ್ ಕೋಚಿಂಗ್ (ಉದ್ಯಮ ನಡೆಸುವವರೊಂದಿಗೆ ನಿಯತವಾಗಿ ಕೂತು, ಪ್ರಶ್ನೆ ಕೇಳುತ್ತ ಅವರೇ ನಿರ್ಧಾರಕ್ಕೆ ಬರುವಂತೆ ನೆರವಾಗುವುದು) ಸಣ್ಣ ಉದ್ಯಮಕ್ಕೆ ಹೆಚ್ಚು ಪ್ರಯೋಜನಕ್ಕೆ ಬರುವುದು ಈ ಗಂಟು ಬಿಡಿಸಲು. ಅದು ದೊಡ್ಡ ಕಂಪನಿಗಳ ಸಿಇಒಗಳಿಗೆ ಮಾತ್ರ ಎಂಬ ಎಣಿಕೆ ತಪ್ಪು. ಅಂಥವರನ್ನು ಪ್ರಶ್ನಿಸಲು ನಿರ್ದೇಶಕ ಮಂಡಳಿಯಾದರೂ ಇರುತ್ತದೆ. ಸಣ್ಣ ಉದ್ಯಮಿಯನ್ನು ಪ್ರಶ್ನಿಸುವವರು ಬ್ಯಾಂಕಿನವರು ಮಾತ್ರ, ಅದೂ ಸಾಲ ನವೀಕರಣದ ಹೊತ್ತಿಗೆ.

ಬೇಕಿರುವುದು ಕೋಚೇ ಹೌದೇ?

ಜಿಎಸ್‌ಟಿ ರಿಟರ್ನ್ ತಪ್ಪುತ್ತಿದ್ದರೆ ಒಳ್ಳೆಯ ಸಿಎ ಸಾಕು. ಎರಕದಲ್ಲಿ ರಿಜೆಕ್ಷನ್ (ದೋಷದಿಂದ ತಿರಸ್ಕೃತವಾಗುವ ಮಾಲು) ಏರಿದ್ದರೆ ಫೌಂಡ್ರಿ ಬಲ್ಲ ತಾಂತ್ರಿಕ ಸಲಹೆಗಾರರನ್ನು ಕರೆಸಿ. ಹೊಸ ಮಾರುಕಟ್ಟೆಯ ದಾರಿ ತಿಳಿಯಬೇಕಿದ್ದರೆ ಕರ್ನಾಟಕದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾದಂಥ ಕಡೆಗಳಲ್ಲಿ ಸಿಗುವ ಹಿರಿಯ ಉದ್ಯಮಿಯ ಅನುಭವ ಹೆಚ್ಚು ಬೆಲೆಯುಳ್ಳದ್ದು. ಕೋಚ್ ಇವರಾರ ಕೆಲಸವನ್ನೂ ಮಾಡುವುದಿಲ್ಲ. ಏನು ಮಾಡಬೇಕೆಂದು ಗೊತ್ತಿದ್ದೂ ತಿಂಗಳುಗಟ್ಟಲೆ ಮಾಡದೆ ಉಳಿದ ಕೆಲಸವೇ ಕೋಚಿಂಗ್‌ನ ಕ್ಷೇತ್ರ.

ಬಾಕಿ ವಸೂಲಿಯನ್ನೇ ನೋಡಿ. ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ 2006ರ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿಯುಳ್ಳ ಬಹುಪಾಲು ಮಾಲೀಕರಿಗೆ ಇದು ಗೊತ್ತು. ಆದರೂ ಹದಿನೈದು ವರ್ಷದ ಗ್ರಾಹಕನಿಗೆ ‘ಹಳೆಯ ಬಿಲ್ ತೀರಿಸಿದ ಮೇಲೆ ಮುಂದಿನ ಲೋಡ್’ ಎನ್ನಲು ಬಾಯಿ ಬರುವುದಿಲ್ಲ. ಆ ಮಾತನ್ನು ಹೇಗೆ ಆಡುವುದು, ಆರ್ಡರ್ ಕೈತಪ್ಪಿದರೆ ಎಷ್ಟು ನಷ್ಟ, ಯಾವ ಗ್ರಾಹಕನಿಂದ ಶುರು ಮಾಡುವುದು ಎಂಬುದನ್ನು ಕೂತು ಯೋಚಿಸುವಂತೆ ಮಾಡುವುದೇ ಕೋಚ್‌ನ ಕೆಲಸ.

ಎರಡು ವಾರದ ತಯಾರಿ

ಕೋಚ್ ಹುಡುಕುವ ಮೊದಲೇ ಎರಡು ವಾರ ಪಾಕೆಟ್ ಡೈರಿಯಲ್ಲಿ ಅರ್ಧ ಗಂಟೆಗೊಮ್ಮೆ ಒಂದು ಸಾಲು ಬರೆಯಿರಿ: ಯಾವ ಕೆಲಸ, ಯಾರು ಕೇಳಿದ್ದು. ಸಂಜೆ ಕೂತು ನೆನಪಿನಿಂದ ಬರೆದರೆ ಪ್ರಯೋಜನವಿಲ್ಲ, ಸಣ್ಣ ಅಡಚಣೆಗಳೇ ಮರೆತುಹೋಗುತ್ತವೆ. ವಾರದ ಕೊನೆಗೆ, ಬೇರೆಯವರು ಮಾಡಬಹುದಾಗಿದ್ದ ಸಾಲುಗಳಿಗೆಲ್ಲ ಕೆಂಪು ಗುರುತು ಹಾಕಿ. ಜತೆಗೆ ನಾಲ್ಕು ಸಂಖ್ಯೆ ತೆಗೆದಿಡಿ: ಬಾಕಿ ವಸೂಲಿಯ ಸರಾಸರಿ ದಿನಗಳು, ಹೇಳಿದ ದಿನಕ್ಕೆ ಹೋದ ಡಿಸ್ಪ್ಯಾಚ್‌ಗಳ ಪ್ರಮಾಣ, ರಿಜೆಕ್ಷನ್, ಮತ್ತು ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಖಾತೆಯಲ್ಲಿ ಬಳಸಿದ ಮೊತ್ತ. ಇವಿಲ್ಲದೆ ಆರಂಭಿಸಿದರೆ ಆರು ತಿಂಗಳ ನಂತರ ‘ಚೆನ್ನಾಗಿತ್ತು’ ಎನ್ನಬಹುದೇ ಹೊರತು ಏನು ಬದಲಾಯಿತೆಂದು ತೋರಿಸಲಾಗದು.

ಆಯ್ಕೆ ಮತ್ತು ಕರಾರು

ಕೋಚ್ ಎಂದು ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು, ಪರವಾನಗಿಯ ಅಗತ್ಯವಿಲ್ಲ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್‌ನ ಮಾನ್ಯತೆ ಒಂದು ಆಧಾರ. ಅದರ ಎಸಿಸಿ ಹಂತಕ್ಕೆ 100 ಗಂಟೆ, ಪಿಸಿಸಿಗೆ 500, ಎಂಸಿಸಿಗೆ 2,500 ಗಂಟೆಗಳ ಕೋಚಿಂಗ್ ಅನುಭವ ಬೇಕು. ಈ ಮಾನ್ಯತೆಯಿಂದ ಅಭ್ಯಾಸವಿದೆಯೆಂದು ತಿಳಿಯಬಹುದು. ಅಣ್ಣ-ತಮ್ಮ ಪಾಲುದಾರರಾಗಿರುವ, ಅಪ್ಪ ಇನ್ನೂ ಚೆಕ್‌ಗೆ ಸಹಿ ಹಾಕುವ ಘಟಕದ ಒಳಮರ್ಮ ಅವರಿಗೆ ಗೊತ್ತೇ ಎಂಬುದನ್ನು ನೀವೇ ಕೇಳಬೇಕು. ಮೂವರೊಂದಿಗಾದರೂ ಅರ್ಧ ಗಂಟೆ ಮಾತಾಡಿ. ಆ ಅರ್ಧ ಗಂಟೆಯಲ್ಲಿ ಹೆಚ್ಚು ಮಾತಾಡಿದವರು ಅವರೇ ಆಗಿದ್ದರೆ ಬೇಡ. ವಹಿವಾಟು ದುಪ್ಪಟ್ಟು ಮಾಡಿಕೊಡುವ ಭರವಸೆ, ವರ್ಷದ ಪೂರ್ತಿ ಹಣ ಮುಂಗಡ, ಜತೆಗೆ ಸಾಫ್ಟ್‌ವೇರನ್ನೋ ವಿಮೆಯನ್ನೋ ಮಾರುವ ಚಟ, ಇವು ಕಂಡರೂ ಬೇಡ.

ಭಾಷೆಯೂ ಮುಖ್ಯ. ಲೆಕ್ಕಾಚಾರ, ಸಿಟ್ಟು, ಭಯ ಎಲ್ಲವೂ ಕನ್ನಡದಲ್ಲಿ ಮೂಡುವವರು ಇಂಗ್ಲಿಷಿನಲ್ಲಿ ಉತ್ತರಿಸಲು ಹೊರಟರೆ ನಾಜೂಕಾದ, ಸುಳ್ಳಲ್ಲದ ಆದರೆ ನಿಜವೂ ಅಲ್ಲದ ಉತ್ತರ ಬರುತ್ತದೆ. ಕನ್ನಡದಲ್ಲಿ ಮಾತಾಡಬಲ್ಲ ಕೋಚನ್ನೇ ಹುಡುಕಿ.

ಕರಾರು ಒಂದು ಪುಟದ್ದಾದರೂ ಲಿಖಿತವಾಗಿರಲಿ: ಆರು ತಿಂಗಳು, ಎರಡು ವಾರಕ್ಕೊಮ್ಮೆ 75 ನಿಮಿಷ, ಒಟ್ಟು 12 ಭೇಟಿ, ಮೂರನೆಯ ಭೇಟಿಯ ನಂತರ ಇಬ್ಬರಲ್ಲಿ ಯಾರು ಬೇಕಾದರೂ ನಿಲ್ಲಿಸಬಹುದು, ಮಾತು ಪಾಲುದಾರರಿಗೂ ಮನೆಯವರಿಗೂ ಹೋಗುವುದಿಲ್ಲ. ಶುಲ್ಕ ತಿಂಗಳಿಗೊಮ್ಮೆ ಕೊಡಿ. ಕೋಚ್ ಜಿಎಸ್‌ಟಿ ನೋಂದಣಿಯಲ್ಲಿದ್ದರೆ ಅದರ ಮೇಲೆ 18% ತೆರಿಗೆ ಸೇರುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ (ವಹಿವಾಟಿನ ಮೇಲೆ ನಿಗದಿತ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ಸಣ್ಣ ಉದ್ಯಮಗಳಿಗೆ) ಇದರ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅನುಕೂಲ) ಸಿಗದು, ಹಾಗಾಗಿ ಪೂರ್ತಿ ಮೊತ್ತವನ್ನೇ ಖರ್ಚೆಂದು ಹಿಡಿಯಬೇಕು.

ಭೇಟಿಯಲ್ಲಿ ನಡೆಯುವುದೇನು

ಬ್ರಿಟಿಷ್ ಕೋಚ್ ಜಾನ್ ವಿಟ್ಮೋರ್ ಜನಪ್ರಿಯಗೊಳಿಸಿದ ‘ಗ್ರೋ’ ಕ್ರಮವನ್ನು ಅನೇಕರು ಅನುಸರಿಸುತ್ತಾರೆ: ಗುರಿ, ಸದ್ಯದ ಸ್ಥಿತಿ, ಆಯ್ಕೆಗಳು, ಮಾಡುವ ನಿಶ್ಚಯ. ಮೊದಲ ಹತ್ತು ನಿಮಿಷ ಕಳೆದ ಸಲ ಒಪ್ಪಿಕೊಂಡದ್ದು ಆಯಿತೇ ಇಲ್ಲವೇ ಎಂಬುದಕ್ಕೆ ಮೀಸಲು, ಕೊನೆಯ ಹದಿನೈದು ಮುಂದಿನ ಎರಡು ವಾರದ ಕೆಲಸಕ್ಕೆ. ಆ ಕೆಲಸ ಎರಡಕ್ಕಿಂತ ಹೆಚ್ಚಿರಬಾರದು. ಐದಾರು ಒಪ್ಪಿಕೊಂಡವರು ಸಾಮಾನ್ಯವಾಗಿ ಒಂದನ್ನೂ ಮುಗಿಸಿರುವುದಿಲ್ಲ.

ಜವಾಬ್ದಾರಿ ಬಿಟ್ಟುಕೊಡುವುದು

ಆರು ತಿಂಗಳಲ್ಲಿ ಅತಿ ಕಷ್ಟದ್ದೂ ಅತಿ ಲಾಭದ್ದೂ ಇದೇ. ಡೈರಿಯ ಕೆಂಪು ಗುರುತುಗಳಿಂದ ಒಂದೇ ವಿಷಯ ಆರಿಸಿ, ಉದಾಹರಣೆಗೆ ಟೂಲ್ ಮತ್ತು ಬಿಡಿಭಾಗಗಳ ಖರೀದಿ. ಮಿತಿಗಳನ್ನು ಬರೆದು ಗೋಡೆಗೆ ಅಂಟಿಸಿ: ₹5,000 ವರೆಗೆ ಸೂಪರ್‌ವೈಸರ್ ತಾವೇ ತರಿಸಬಹುದು, ₹25,000 ವರೆಗೆ ತರಿಸಿ ಸಂಜೆ ತಿಳಿಸಬೇಕು, ಅದಕ್ಕೆ ಮೇಲ್ಪಟ್ಟರೆ ಕೇಳಿಯೇ ತರಿಸಬೇಕು. ಮೊತ್ತ ನಿಮ್ಮ ಘಟಕಕ್ಕೆ ತಕ್ಕಂತಿರಲಿ, ಆದರೆ ಅಂಟಿಸಿದ ಮೇಲೆ ನಾಲ್ಕು ವಾರ ಬದಲಿಸಬೇಡಿ.

ಇದು ಮುರಿದುಬೀಳುವುದು ಬಹುತೇಕ ಒಂದೇ ರೀತಿ. ಸೂಪರ್‌ವೈಸರ್ ಎಲ್ಲೋ ಇನ್ನೂರು ರೂಪಾಯಿ ಹೆಚ್ಚಿಗೆ ಕೊಟ್ಟು ಇನ್ಸರ್ಟ್ (ಲೋಹ ಕತ್ತರಿಸುವ ಟೂಲ್‌ನ ಬದಲಿಸಬಹುದಾದ ತುದಿ) ತರಿಸುತ್ತಾರೆ. ಮಾಲೀಕರು ಎಲ್ಲರೆದುರು ‘ನನ್ನನ್ನೊಂದು ಮಾತು ಕೇಳಬಾರದಿತ್ತೇ?’ ಎನ್ನುತ್ತಾರೆ. ಮರುದಿನದಿಂದ ಐವತ್ತು ರೂಪಾಯಿಯ ಬೋಲ್ಟ್‌ಗೂ ಫೋನ್ ಬರುತ್ತದೆ. ಅದಕ್ಕಾಗಿ ಒಳ್ಳೆಯ ಕೋಚ್ ತಪ್ಪು ನಡೆಯುವ ಮೊದಲೇ ಆ ಸಂಭಾಷಣೆಯ ಅಭ್ಯಾಸ ಮಾಡಿಸುತ್ತಾರೆ: ಒಬ್ಬರೇ ಇದ್ದಾಗ ಕೇಳುವುದು, ‘ಎಷ್ಟು ಕಡೆ ದರ ಕೇಳಿದಿರಿ, ಮಷಿನ್ ಎಷ್ಟು ಹೊತ್ತು ನಿಲ್ಲುತ್ತಿತ್ತು?’ ಎಂದಷ್ಟೇ ಕೇಳುವುದು, ಮಿತಿಯನ್ನು ಹಿಂದಕ್ಕೆ ಪಡೆಯದಿರುವುದು. ಆ ಇನ್ನೂರು ರೂಪಾಯಿಯನ್ನು ತರಬೇತಿಯ ಖರ್ಚೆಂದು ಲೆಕ್ಕಕ್ಕೆ ಬರೆಯಿರಿ.

ಲಾಭದ ಲೆಕ್ಕ

ವರ್ಷದ ವಹಿವಾಟು ₹2 ಕೋಟಿ, ಬರಬೇಕಾದ ಬಾಕಿ ₹50 ಲಕ್ಷ ಎಂದಿಟ್ಟುಕೊಳ್ಳಿ. ಬಾಕಿಯನ್ನು ವಹಿವಾಟಿನಿಂದ ಭಾಗಿಸಿ 365ರಿಂದ ಗುಣಿಸಿದರೆ 91 ದಿನ. ಅದನ್ನು 75 ದಿನಕ್ಕಿಳಿಸಿದರೆ ಬಾಕಿ ಸುಮಾರು ₹41 ಲಕ್ಷವಾಗಿ, ₹9 ಲಕ್ಷದಷ್ಟು ಹಣ ಕೈಗೆ ಬರುತ್ತದೆ. ಓಡಿ ಬಡ್ಡಿ 12% ಆದರೆ ವರ್ಷಕ್ಕೆ ₹1 ಲಕ್ಷಕ್ಕೂ ಹೆಚ್ಚು ಉಳಿತಾಯ. ಇದನ್ನು ಶುಲ್ಕದ ಪಕ್ಕದಲ್ಲಿಟ್ಟು ನೋಡಿ. ಬಿಡುವಾದ ಗಂಟೆಗಳಿಗೆ ಬೆಲೆ ಕಟ್ಟುವುದಾದರೆ, ಆ ಗಂಟೆಗಳಲ್ಲಿ ನಿಜವಾಗಿ ಹೊಸ ಗ್ರಾಹಕರನ್ನು ಕಂಡಿದ್ದರೆ ಮಾತ್ರ ಕಟ್ಟಿ.

ತಪ್ಪುವ ಇತರ ಜಾಗಗಳು: ಭೇಟಿಯನ್ನು ತಿಂಗಳ ಕೊನೆಯ ವಾರಕ್ಕಿಟ್ಟರೆ ಡಿಸ್ಪ್ಯಾಚ್ ಗಡಿಬಿಡಿಯಲ್ಲಿ ರದ್ದಾಗುತ್ತದೆ; ಕ್ಯಾಬಿನ್‌ನಲ್ಲಿ ಕೂತರೆ ಹತ್ತು ನಿಮಿಷಕ್ಕೊಬ್ಬರು ಬಾಗಿಲು ತಟ್ಟುತ್ತಾರೆ, ಹಾಗಾಗಿ ಹೊರಗೆಲ್ಲಾದರೂ ಕೂರಿ. ಎರಡು ಭೇಟಿ ಪೂರ್ತಿ ಕೆಲಸಗಾರರ ಮೇಲಿನ ದೂರಿನಲ್ಲೇ ಕಳೆದಿದ್ದರೆ, ಅದನ್ನು ತಡೆಯದ ಕೋಚ್ ನಿಮಗೆ ತಕ್ಕವರಲ್ಲ.

ಆರನೆಯ ಭೇಟಿಯಲ್ಲಿ ಮೊದಲ ನಾಲ್ಕು ಸಂಖ್ಯೆಗಳನ್ನು ಮತ್ತೆ ತೆಗೆಯಿರಿ. ಹತ್ತನೆಯದಕ್ಕೆ ಮುನ್ನ ಐದು ಕೆಲಸದ ದಿನ ಘಟಕಕ್ಕೆ ಹೋಗದೆ, ಸಂಜೆ 5ರಿಂದ 6ರವರೆಗೆ ಮಾತ್ರ ಫೋನಿಗೆ ಸಿಕ್ಕಿ. ಬಂದ ಪ್ರತಿ ಕರೆಯನ್ನೂ ಬರೆದಿಡಿ: ಯಾರು, ಯಾವುದಕ್ಕೆ, ಅವರೇ ನಿರ್ಧರಿಸಲು ಏನು ಕಡಿಮೆಯಿತ್ತು. ಮಾಹಿತಿ ಕಡಿಮೆಯಿದ್ದರೆ ದರಪಟ್ಟಿ, ಡ್ರಾಯಿಂಗ್ ಅವರ ಕೈಗೆ ಕೊಡಿ. ಅಧಿಕಾರ ಕಡಿಮೆಯಿದ್ದರೆ ಮಿತಿ ಹೆಚ್ಚಿಸಿ. ಧೈರ್ಯ ಕಡಿಮೆಯಿದ್ದರೆ ಉಳಿದ ಭೇಟಿಗಳಲ್ಲಿ ಒಂದಕ್ಕೆ ಆ ಸೂಪರ್‌ವೈಸರನ್ನೂ ಕರೆದುಕೊಂಡು ಹೋಗಿ.